ಪಟಗಾ ಸುತ್ತಿದ ಬೆಕ್ಕುಗಳು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಎಲ್ಲ ಕೆಡಲು ಶುರುವಾದದ್ದು ಆಗಲೇ. ವೇಳೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಬೆಟಗೇರಿಯ ಆ ಅಚ್ಚಿನ ಪ್ರೆಸ್ಸಿನಲ್ಲಿ ಕರೆಂಟು ಹೋದೊಡನೆ ಎಲ್ಲರೂ ಗೋಡೆಯ ಗಡಿಯಾರದ ಕಡೆ ಕತ್ತೆತ್ತಿ, ಚಹಾಕ್ಕೆ ಹೊತ್ತಾಗಿದೆಯೇ ಎಂದು ನೋಡುತ್ತಿದ್ದರು. ಗಡಿಯಾರ ಏನೇ ತೋರಿಸಲಿ, ಚಹಾಕ್ಕೆ ಹೊತ್ತಾಗಿಯೇ ಇರುತ್ತಿತ್ತು. ಆ ದಿನ ನಾನೂ ಕತ್ತೆತ್ತಿ ನೋಡಿದ್ದೆ.

ಇದೆಲ್ಲ ಎಪ್ಪತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಆದರೂ ಈಗಲೂ ನನ್ನ ಮನೆಯಲ್ಲಿ ಹೋದ ಕರೆಂಟು ತಿರುಗಿ ಬಂದು ಫ್ರಿಜ್ಜು ಗುಂಯ್ ಎಂದರೆ ಸಾಕು, ನನ್ನ ಬಲಗೈ ತಾನಾಗಿಯೇ ಎದೆಗೆ ಬಂದು ಅಂಟಿಕೊಳ್ಳುತ್ತದೆ. ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ, ಸ್ವಲ್ಪ ಹೊತ್ತು ಬಿಟ್ಟು.

ಒಂದು ಬೆಕ್ಕು, ಕಾಗದ ಕತ್ತರಿಸುವ ಒಂದು ಮಶೀನು, ನನ್ನ ಕಾಕಾನ ಬಲಗೈ. ಈ ಮೂರೂ ಒಂದೇ ಜಾಗಕ್ಕೆ ಹೇಗೆ ಬಂದವು ಎಂದು ಹೇಳಬೇಕಾದರೆ ಲಕ್ಷ್ಮೇಶ್ವರದ ಒಂದು ಕಾಳಿನ ಗೋದಾಮಿನಿಂದ ಶುರು ಮಾಡಬೇಕು.

ನಾನು ಆಗಷ್ಟೇ ಬಿ.ಎ. ಮುಗಿಸಿ, ಮುಂದೇನು ಎಂದು ತಿಳಿಯದೆ ಬೆಟಗೇರಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಕಾಕಾ ನನ್ನ ತಂದೆಯ ತಮ್ಮ. ಪ್ರೆಸ್ಸಿನಲ್ಲಿ ಚಿತ್ರ ಬರೆಯುವ ಕೆಲಸ. ಕ್ಯಾಲೆಂಡರಿನ ದೇವರು, ಲಗ್ನಪತ್ರಿಕೆಯ ಗಣಪತಿ, ಊದಿನಕಡ್ಡಿ ಡಬ್ಬಿಯ ಹೂವು, ಎಲ್ಲ ಅವನ ಕೈಯಿಂದಲೇ ಆಗಬೇಕು. ನಾನು ಬಣ್ಣ ಕಲಸಿ ಕೊಡುತ್ತಿದ್ದೆ, ಅಕ್ಷರ ಬರೆಯುತ್ತಿದ್ದೆ. ‘ಕಾಲೇಜ ಕಲಿತ ಹುಡುಗಿ, ಕುಂಚ ತೊಳಿಯಾಕ ಬರತೈತಿ’ ಎಂದು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದಳು. ಅದು ಹೊಗಳಿಕೆಯೇ ಎಂದು ನಾನು ಬಹಳ ದಿನ ನಂಬಿದ್ದೆ.

ಲಕ್ಷ್ಮೇಶ್ವರದಲ್ಲಿ ಕಾಳಿನ ಅಡತಿ ವ್ಯಾಪಾರದ ಒಬ್ಬ ಸಾವಕಾರರು ಪ್ರತಿ ವರ್ಷ ನಮ್ಮಲ್ಲಿ ಕ್ಯಾಲೆಂಡರು ಮಾಡಿಸಿ ಗಿರಾಕಿಗಳಿಗೆ ಹಂಚುತ್ತಿದ್ದರು. ಆ ವರ್ಷ ಕಾಕಾನನ್ನು ಗೋದಾಮಿಗೇ ಕರೆಸಿದರು. ನಾನೂ ಜೊತೆಗೆ ಹೋಗಿದ್ದೆ.

“ಕ್ಯಾಲೆಂಡರ ಸಾಕ್ರಿ ಮಾಸ್ತರ. ಎಲ್ಲಾರೂ ಕೊಡ್ತಾರ. ಗ್ವಾಡಿಮ್ಯಾಲ ಮೊಳಿ ಹೊಡಿಯಾಕ ಜಾಗಾ ಉಳದಿಲ್ಲ,” ಎಂದರು ಸಾವಕಾರರು. “ಈ ಸಲ ಪಂಚಮಿಗೆ ಇಸ್ಪೀಟ ಕೊಡೂಣು.”

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಇಸ್ಪೀಟು. ವರ್ಷವಿಡೀ ಎಲೆ ಕಂಡರೆ ಉರಿದು ಬೀಳುವ ಹಿರಿಯರು ಕೂಡ ಆ ಹಬ್ಬದಲ್ಲಿ ಉಂಡಿ ತಿನ್ನುತ್ತ ಆಟಕ್ಕೆ ಕೂತುಬಿಡುತ್ತಾರೆ. ಹಾಗಾಗಿ ಸಾವಕಾರರ ಮಾತು ಕಾಕಾನಿಗೆ ವಿಚಿತ್ರವೆನಿಸಲಿಲ್ಲ. ಮುಂದಿನ ಮಾತು ವಿಚಿತ್ರವೆನಿಸಿತು.

“ಎಲಿಮ್ಯಾಲ ಆ ದಾಡಿ ಬಿಟ್ಟ ರಾಜಾ ಬ್ಯಾಡ್ರಿ. ಅಂವ ಯಾರೋ, ಯಾವೂರಾಂವೋ. ನಮ್ಮ ಬೆಕ್ಕ ಹಾಕ್ರಿ.”

“ಬೆಕ್ಕರಿ?”

“ಹೌದ್ರಿ. ಈ ಗೋದಾಮಿಗೆ ಖರೆ ರಾಜಾ ಯಾರು? ನಾನೇನ? ಇವು ಇರಲಿಲ್ಲಂದ್ರ ಇಲಿ ಜ್ವಾಳ ಮುಗಿಸಿ ನನ್ನ ಧೋತರಾ ಸೈತ ತಿಂದಿರತಿದ್ವು.”

ಜೋಳದ ಚೀಲಗಳ ಮೇಲೆ ಒಂದು ದೊಡ್ಡ ಬೂದು ಗಂಡುಬೆಕ್ಕು ಕೂತಿತ್ತು. ಒಂದು ಕಿವಿ ಹರಿದಿತ್ತು, ಮುಖ ಸಾವಕಾರರಿಗಿಂತ ಗಂಭೀರವಾಗಿತ್ತು. ತೂಕದ ಕಟ್ಟೆಯಲ್ಲಿ ಹಮಾಲರು ಚೀಲ ಎತ್ತುತ್ತಿದ್ದರೆ ಅದು ಒಂದೊಂದೇ ಚೀಲಕ್ಕೆ ಕಣ್ಣು ಮುಚ್ಚಿ ತೆರೆದು ಒಪ್ಪಿಗೆ ಕೊಡುತ್ತಿತ್ತು. ಕಾಕಾ ಅಲ್ಲೇ ಚೀಲದ ಮೇಲೆ ಕೂತು ಪೆನ್ಸಿಲ್ ತೆಗೆದ. ಬೆಕ್ಕು ಅವನನ್ನು ನೋಡಿ ಒಮ್ಮೆ ಆಕಳಿಸಿ, ಸರಿ ಬರಿ ಎನ್ನುವ ಹಾಗೆ ಮುಖ ಎದುರಿಗೆ ತಿರುಗಿಸಿ ಕೂತಿತು.

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಧೂಳಿನಲ್ಲಿ ಕಾಕಾ ಬೆರಳಿನಿಂದ ಏನೇನೋ ಗೀಚುತ್ತಿದ್ದ. ಇದ್ದಕ್ಕಿದ್ದ ಹಾಗೆ ನನ್ನ ಮೊಣಕೈ ತಿವಿದ.

“ಇಸ್ಪೀಟ, ಬದಾಮ, ಚೌಕಟ, ಕಳಾವರ. ನಾಕ ಆತಿಲ್ಲ? ಲಕ್ಷ್ಮೇಶ್ವರ, ಬೆಟಗೇರಿ, ಶಿರಹಟ್ಟಿ, ಮುಂಡರಗಿ. ನಾಕ. ಊರಿಗೊಂದ ರಾಜ್ಯ. ಆಯಾ ಊರಿನ ಬೆಕ್ಕ ಆಯಾ ಊರಿಗೆ ರಾಜಾ.”

“ಮತ್ತ ಗದಗ, ಕಾಕಾ?”

“ಗದಗಿನ ಮಂದಿ ಕೇಳಿದ್ರ, ಬೆಟಗೇರಿ ಗದಗ ಎರಡೂ ಒಂದ ಅಂತ ಹೇಳೂಣು. ಬೆಟಗೇರಿ ಮಂದಿ ಕೇಳಿದ್ರ ಸುಮ್ಮ ಕುಂಡ್ರೂಣು.”

ಆಮೇಲಿನ ದಿನಗಳು ನನ್ನ ಜೀವನದ ಅತ್ಯಂತ ನಗುವಿನ ದಿನಗಳು. ನಾವು ಬೆಕ್ಕು ಹುಡುಕಿಕೊಂಡು ಊರೂರು ತಿರುಗಿದೆವು. ಶಿರಹಟ್ಟಿಯಲ್ಲಿ ಚಿಗವ್ವನ ತವರುಮನೆ. ಅಲ್ಲಿಯ ಕರಿ ಬೆಕ್ಕಿನ ಹಣೆಯ ಮೇಲೆ ಬಿಳಿ ಪಟ್ಟೆ ಇತ್ತು, ವಿಭೂತಿ ಹಚ್ಚಿಕೊಂಡ ಹಾಗೆ. ಅದು ಚೌಕಟದ ರಾಜನಾಯಿತು. ಮುಂಡರಗಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಹೆಣ್ಣುಬೆಕ್ಕು ಸಿಂಗಟಾಲೂರಿನ ಬಸ್ಸಿಗಷ್ಟೇ ಎದ್ದು ಹೋಗುತ್ತಿತ್ತು, ಬೇರೆ ಯಾವ ಬಸ್ಸು ಬಂದರೂ ಕಣ್ಣು ಸಹ ತೆರೆಯುತ್ತಿರಲಿಲ್ಲ. ಆ ಬಸ್ಸಿನಲ್ಲಿ ಹೊಳೆಯ ಮೀನಿನ ಬುಟ್ಟಿ ಬರುತ್ತಿತ್ತು. ಮೀನು ತಿಂದು ತಿಂದು ಆಕೆ ನಿಜಕ್ಕೂ ರಾಣಿಯ ಹಾಗೆ ತುಂಬಿಕೊಂಡಿದ್ದಳು. ಕಳಾವರದ ರಾಣಿ ಎಂದು ಬೇರೆ ಯೋಚನೆಯನ್ನೇ ಮಾಡದೆ ಬರೆದುಕೊಂಡೆವು. ಬದಾಮದ ರಾಣಿ ಬೆಟಗೇರಿಯ ನೇಕಾರರ ಮನೆಯವಳು. ಮಗ್ಗದ ಕೆಳಗೆ ಹುಟ್ಟಿ ಬೆಳೆದವಳಾದ್ದರಿಂದ ಲಾಳಿ ಹೋಗುವ ಬರುವ ಕಡೆಗೆಲ್ಲ ಕತ್ತು ತಿರುಗಿಸುತ್ತಿದ್ದಳು, ಒಂದು ಕ್ಷಣ ಸುಮ್ಮನೆ ಕೂರುತ್ತಿರಲಿಲ್ಲ. ಆಕೆಗೆ ಕಾಕಾ ಕೆಂಪು ದಡಿಯ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಹೊದಿಸಿದ.

ಬರೆಯಲು ಕೂತ ಮೇಲೆ ಒಂದೊಂದೇ ತೊಡಕು. ರಾಜನಿಗೆ ಕಿರೀಟ ಬೇಡ, ನಮ್ಮ ಕಡೆಯ ರುಮಾಲು, ಪಟಗಾ, ಸುತ್ತೋಣ ಎಂದು ಕಾಕಾ ನಿರ್ಧರಿಸಿದ್ದ. ಆದರೆ ಪಟಗಾ ಸುತ್ತಿದೊಡನೆ ಕಿವಿ ಮುಚ್ಚಿಹೋಗಿ ಬೆಕ್ಕು ಮನುಷ್ಯನಾಗಿಬಿಡುತ್ತಿತ್ತು. ಚಿಗವ್ವ ಬಂದು ಚೌಕಟದ ರಾಜನನ್ನು ನೋಡಿ ಕೈಯಲ್ಲಿದ್ದ ಹಿಟ್ಟು ಸಮೇತ ಬಾಯಿಗೆ ಕೈ ಹಚ್ಚಿದಳು.

“ಅಯ್ಯ ಶಿವನ! ಇದು ನಮ್ಮ ಅಣ್ಣ ಅಲ್ಲೇನ?”

ನೋಡಿದರೆ ಹೌದು. ಮೀಸೆ ಸಮೇತ ಶಿರಹಟ್ಟಿಯ ಮಾವನೇ. ಕಾಕಾ ಆ ಹಾಳೆಯನ್ನು ಜೋಪಾನವಾಗಿ ತೆಗೆದಿಟ್ಟು, ಹೊಸದರಲ್ಲಿ ಪಟಗದ ಸುತ್ತುಗಳ ನಡುವಿನಿಂದ ಕಿವಿಗಳನ್ನು ಹೊರಗೆ ಎತ್ತಿದ. ಬೆಕ್ಕು ತಿರುಗಿ ಬೆಕ್ಕಾಯಿತು, ರಾಜನೂ ಆಯಿತು.

ಸಾವಕಾರರು ಮೊದಲ ನಮೂನೆ ನೋಡಲು ಬಂದವರು ಎಲೆಯನ್ನು ಕೆಳಗು ಮೇಲು ತಿರುಗಿಸಿ ತಿರುಗಿಸಿ ನೋಡಿದರು. ಇಸ್ಪೀಟಿನ ಎಲೆಯಲ್ಲಿ ಮೇಲೊಂದು ತಲೆ, ಕೆಳಗೊಂದು ತಲೆ ಇರುತ್ತದಲ್ಲ, ಕೈಯಲ್ಲಿ ಹೇಗೆ ಹಿಡಿದರೂ ಮುಖ ಕಾಣಲೆಂದು.

“ಬಾಲ ಎಲ್ಲಿ ಐತ್ರಿ?”

“ಎರಡೂ ಕಡೆ ತಲಿ ಬಂದ ಮ್ಯಾಲ ಬಾಲಕ್ಕ ಜಾಗಾ ಇಲ್ರಿ ಸಾವಕಾರ್ರ.”

“ಬಾಲ ಇಲ್ಲದ ಬೆಕ್ಕ ನಾ ಹೆಂಗ ತಗೊಳ್ಳಲ್ರಿ? ಗೋದಾಮಿನಾಗ ಅವು ನನ್ನ ಮಾರಿ ನೋಡತಾವೇನ?”

ಕಾಕಾ ಒಂದು ವಾರ ಒದ್ದಾಡಿ ಅದಕ್ಕೂ ದಾರಿ ಕಂಡುಹಿಡಿದ. ಮೇಲಿನ ಬೆಕ್ಕಿನ ಬಾಲ ಎಲೆಯ ನಟ್ಟನಡುವೆ ಬಳುಕಿ ಹೋಗಿ ಕೆಳಗಿನ ಬೆಕ್ಕಿನ ಬಾಲವನ್ನು ಸೇರುವುದು. ಎರಡು ಅರಮನೆಗಳ ನಡುವೆ ಹರಿಯುವ ಹೊಳೆಯ ಹಾಗೆ. ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಇನ್ನೊಂದು ಎಚ್ಚರವನ್ನು ಹೇಳಿದವಳು ಚಿಗವ್ವ. ಗುಲಾಮರನ್ನು ಪಕ್ಕಕ್ಕೆ ಮುಖ ಮಾಡಿ ನಡೆಯುವ ಹಾಗೆ ಬರೆಯುತ್ತಿದ್ದ ಕಾಕಾನನ್ನು ಆಕೆ ತಡೆದಳು. “ಹಿಂಗ ಬರದ್ರ ಎಲಿ ಇಳಿಸಿದಾಗೆಲ್ಲಾ ಬೆಕ್ಕ ಅಡ್ಡ ಹೋದಂಗ ಆಕ್ಕೈತಿ. ಯಾರ ಆಡತಾರ?” ಎಂದಳು. ಖರೆ ಮಾತು. ಬೆಕ್ಕು ಅಡ್ಡ ಹೋದರೆ ಹೊರಟ ಕೆಲಸ ನಿಲ್ಲಿಸಿ ನೀರು ಕುಡಿದು ಕೂರುವ ಮಂದಿ ನಾವು. ನಮ್ಮ ಹನ್ನೆರಡು ಅರಮನೆಯ ಬೆಕ್ಕುಗಳೂ ಅಂದಿನಿಂದ ಎದುರಿಗೆ ನೋಡತೊಡಗಿದವು. ಗುಲಾಮರನ್ನು ಮಾತ್ರ ಏನು ಮಾಡಿದರೂ ಗುಲಾಮರನ್ನಾಗಿ ಮಾಡಲು ಬರಲಿಲ್ಲ. “ಬೆಕ್ಕ ಯಾರಿಗೆ ಗುಲಾಮ ಆಕ್ಕೈತಿ?” ಎಂದು ಕಾಕಾ ನಾಲ್ಕೂ ಗುಲಾಮರನ್ನು ಆಕಳಿಸುತ್ತಿರುವ ಹಾಗೆ ಬರೆದ.

ಎಲ್ಲಕ್ಕಿಂತ ಕಠಿಣ ಮೀಸೆ. ಬೆಕ್ಕಿನ ಮೀಸೆಯನ್ನು ಕಾಕಾ ತೀರ ಸಣ್ಣ ಕುಂಚದಲ್ಲಿ ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತಿದ್ದ. ಆಗ ಮನೆಯಲ್ಲಿ ಯಾರೂ ಪಾತ್ರೆ ಮುಟ್ಟುವಂತಿರಲಿಲ್ಲ. ಅವನ ಇಡೀ ವಿದ್ಯೆ ಆ ಎಳೆತದಲ್ಲಿತ್ತು. ನಾನು ಒಮ್ಮೆ ಪ್ರಯತ್ನಿಸಿದ್ದೆ. “ಛಲೋ ಕಸಬರಿಗಿ ಬರದಿ,” ಎಂದಿದ್ದ.

ಪಂಚಮಿ ಹತ್ತಿರವಾಗುವ ಹೊತ್ತಿಗೆ ಹಾಳೆಗಳು ಅಚ್ಚಾಗಿ ಒಣಗಿ, ಕತ್ತರಿಸುವ ಕೆಲಸ ನಡೆದಿತ್ತು. ಉಳಿದದ್ದು ಜೋಕರ್ ಒಂದೇ. ಅದಕ್ಕೆ ಪ್ರೆಸ್ಸಿನ ಬೆಕ್ಕನ್ನೇ ಕೂರಿಸಬೇಕೆಂದು ಕಾಕಾನ ಆಸೆ. ಅದು ಕೇಸರಿ ಬಿಳಿ ಮಿಶ್ರದ ಕಳ್ಳಬೆಕ್ಕು. ಶಾಯಿಯ ಡಬ್ಬಿ ಉರುಳಿಸುವುದು, ಒದ್ದೆ ಹಾಳೆಯ ಮೇಲೆ ಹೆಜ್ಜೆ ಮೂಡಿಸುವುದು ಅದರ ಕಸುಬು. ರಾಜವಂಶದ ಲಕ್ಷಣ ಒಂದೂ ಇರಲಿಲ್ಲ.

ಇನ್ನು ಆ ಪ್ರೆಸ್ಸಿನ ಒಂದು ರೂಢಿಯನ್ನು ಹೇಳಬೇಕು. ಅಲ್ಲಿ ಇದ್ದದ್ದು ಒಂದೇ ಮೋಟಾರು. ಅದು ಮಾಳಿಗೆಯ ಕೆಳಗಿನ ಉದ್ದನೆಯ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು; ದಂಡದಿಂದ ಚರ್ಮದ ಪಟ್ಟಾಗಳು ಇಳಿದು ಒಂದೊಂದು ಮಶೀನನ್ನು ಓಡಿಸುತ್ತಿದ್ದವು. ಆಗೆಲ್ಲ ಕರೆಂಟು ಹೇಳದೆ ಹೋಗುತ್ತಿತ್ತು, ಹೇಳದೆ ಬರುತ್ತಿತ್ತು. ಹೋದಾಗ ಎಲ್ಲರೂ ರಸ್ತೆಯಾಚೆಯ ಚಹಾ ಅಂಗಡಿಗೆ ಹೋಗುತ್ತಿದ್ದರು. ಮೋಟಾರಿನ ಸ್ವಿಚ್ಚಿನ ಖಟಕಾ ಮಾತ್ರ ಯಾರೂ ಆರಿಸುತ್ತಿರಲಿಲ್ಲ. ಯಾಕೆಂದರೆ ಕರೆಂಟು ಬಂದೊಡನೆ ದಂಡ ಗಡಗಡ ಎಂದು ತಿರುಗಿ, ಪಟ್ಟಾ ಪಟಪಟ ಹೊಡೆದುಕೊಳ್ಳುವ ಸಪ್ಪಳ ಅಂಗಡಿಯವರೆಗೆ ಕೇಳುತ್ತಿತ್ತು. ಅದೇ ಅವರಿಗೆ ಕೆಲಸಕ್ಕೆ ಕರೆಯುವ ಗಂಟೆ. ಖಟಕಾ ಆರಿಸಿದರೆ ಕರೆಂಟು ಬಂದದ್ದು ತಿಳಿಯುವುದು ಹೇಗೆ? ವರ್ಷಗಟ್ಟಲೆ ಹಾಗೇ ನಡೆದಿತ್ತು, ಯಾರಿಗೂ ಏನೂ ಆಗಿರಲಿಲ್ಲ.

ಆ ದಿನ ಕರೆಂಟು ಹೋದದ್ದು ಕಟಿಂಗ್ ಮಶೀನಿನ ಅಲಗು ಅರ್ಧ ಇಳಿದಿದ್ದಾಗ. ಕಟಿಂಗ್ ಮಾಡುವವನು, ಪ್ರೆಸ್ಸಿನಲ್ಲಿ ನಾವೆಲ್ಲ ಅಣ್ಣ ಎನ್ನುತ್ತಿದ್ದವನು, ಹಿಡಿಕೆ ಎಳೆದಿದ್ದ. ಕೆಳಗೆ ಬದಾಮದ ರಾಣಿಯರ ಹಾಳೆಗಳ ದಪ್ಪನೆಯ ಥಪ್ಪಿ. ಅಲಗು ಥಪ್ಪಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತುಬಿಟ್ಟಿತು.

“ಇರ್ಲಿ ಬಿಡು. ಬಂದಾಗ ತಾನ ಮುಗಸ್ತೈತಿ,” ಎಂದು ಅಣ್ಣ ಕೈ ಒರೆಸಿಕೊಂಡು ಉಳಿದವರೊಡನೆ ಹೋದ.

ಕಾಕಾ ಮತ್ತು ನಾನು ಉಳಿದೆವು. ಕಿಟಕಿಯ ಬೆಳಕು ಚೆನ್ನಾಗಿತ್ತು. ಮಶೀನುಗಳ ಸದ್ದಿಲ್ಲದ್ದರಿಂದ ಬೆಕ್ಕೂ ಅಪರೂಪಕ್ಕೆ ಒಂದು ಕಡೆ ಕೂತಿತ್ತು. ನಾನು ಹಾಲಿನ ಬಟ್ಟಲು ಹಿಡಿದು ಅದನ್ನು ಮರುಳು ಮಾಡುತ್ತಿದ್ದೆ, ಕಾಕಾ ಬರೆಯುತ್ತಿದ್ದ. ಹಾಲು ಮುಗಿಯಿತು. ಬೆಕ್ಕು ಬಾಯಿ ಒರೆಸಿಕೊಂಡು ಎದ್ದು, ಮಲಗಲು ತಂಪು ಜಾಗ ಹುಡುಕುತ್ತ ಹೋಗಿ, ನಿಂತ ಅಲಗಿನ ಕೆಳಗೆ ನುಸುಳಿ ರಾಣಿಯರ ಥಪ್ಪಿಯ ಮೇಲೆ ಸುತ್ತಿಕೊಂಡು ಮಲಗಿತು.

“ಲೇ, ಹೊರಗ ಬಾ. ಅದು ರಾಣಿ ಹಾಸಿಗಿ, ನಿಂದಲ್ಲ,” ಎಂದು ಕಾಕಾ ನಗುತ್ತ ಹೋಗಿ, ಬಗ್ಗಿ, ಬಲಗೈಯನ್ನು ಮೊಣಕೈವರೆಗೆ ಅಲಗಿನ ಕೆಳಗೆ ಚಾಚಿದ. ಬೆಕ್ಕು ಕೈಗೆ ಸಿಗದೆ ಇನ್ನಷ್ಟು ಒಳಗೆ ಸರಿಯಿತು. ಅವನೂ ಇನ್ನಷ್ಟು ಬಗ್ಗಿದ.

ಆಗ ನನ್ನ ತಲೆಯ ಮೇಲೆ ಪಟ್ಟಾ ಒಮ್ಮೆ ಪಟ್ ಎಂದಿತು.

ರಸ್ತೆಯಾಚೆಯಿಂದ ಎಲ್ಲರೂ ಒಟ್ಟಿಗೆ ಸಂತೋಷದಿಂದ ಕೂಗಿದ್ದು ಕೇಳಿತು: “ಬಂತೋ!” ಕರೆಂಟು ಬಂದಾಗ ಹಾಗೆ ಕೂಗುವುದು ನಮ್ಮಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರ ಅಭ್ಯಾಸ. ನನಗೆ ಇವತ್ತಿಗೂ ಮೊದಲು ನೆನಪಾಗುವುದು ಅಲಗಲ್ಲ, ಆ ಖುಷಿಯ ಕೂಗು. ಆ ಕೂಗು ಇನ್ನೂ ಗಾಳಿಯಲ್ಲಿರುವಾಗಲೇ ಕಾಕಾ ಬೆಕ್ಕಿನ ಕುತ್ತಿಗೆಯ ಚರ್ಮ ಹಿಡಿದು ಹಿಂದಕ್ಕೆ ಎಗರಿದ್ದು, ಅಲಗು ಇಳಿದದ್ದು, ಬೆಕ್ಕು ಅವನ ಹೆಗಲ ಮೇಲಿಂದ ಹಾರಿ ಕಿಟಕಿಯಾಚೆ ಹೋದದ್ದು, ಎಲ್ಲ ಒಟ್ಟಿಗೆ ಆಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನಿಧಾನವಾಗಿ ಓಡಿಸಿ ನೋಡಿದ್ದೇನೆ. ಪ್ರತಿ ಸಲವೂ ಅಲಗು ಇಳಿಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ.

ಕಣ್ಣು ತೆರೆದಾಗ ಕಾಕಾ ನೆಲದ ಮೇಲೆ ಕೂತಿದ್ದ. ಅವನ ಅಂಗಿಯ ತೋಳಿನ ತುದಿ, ಗುಂಡಿ ಸಮೇತ, ಅಲಗಿನ ಆಚೆ ಬದಾಮದ ರಾಣಿಯರ ನಡುವೆ ಬಿದ್ದಿತ್ತು. ಅವನು ಬಲಗೈಯನ್ನು ಮುಖದ ಮುಂದೆ ಹಿಡಿದು ಬೆರಳು ನೋಡುತ್ತಿದ್ದ.

“ನೀ ಎಣಸಲೇ. ನಂಗ ಲೆಕ್ಕ ತಪ್ಪತೈತಿ.”

“ಐದ ಅದಾವ, ಕಾಕಾ.”

“ಮತ್ತೊಮ್ಮಿ ಎಣಸು. ನೀ ಬಿ.ಎ. ಕಲತಾಕಿ, ಗಣಿತ ಕಲತಿಲ್ಲ.”

ಮತ್ತೆ ಎಣಿಸಿದೆ. ಇಬ್ಬರೂ ನಕ್ಕೆವು. ನಗು ನಿಲ್ಲಿಸಲು ಆಗದೆ ನನಗೆ ಅಳು ಬಂತು. ಅಷ್ಟರಲ್ಲಿ ಎಲ್ಲರೂ ಓಡಿ ಬಂದರು. ಕಟಿಂಗ್ ಅಣ್ಣ ಆ ಅಂಗಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡವನು ಸಂಜೆಯವರೆಗೂ ಕೆಳಗಿಡಲಿಲ್ಲ.

ಚಿಗವ್ವ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಒಂದು ಗಾಯವಿರಲಿಲ್ಲ, ಒಂದು ಹನಿ ರಕ್ತ ಬಂದಿರಲಿಲ್ಲ. ಎಲ್ಲ ಸರಿಯಾಯಿತೆಂದೇ ಎಲ್ಲರೂ ಅಂದುಕೊಂಡರು. ಆದರೆ ಮರುದಿನ ಕಾಕಾ ಜೋಕರ್ ಬರೆಯಲು ಕೂತು ಕುಂಚ ಹಿಡಿದಾಗ ಅದರ ತುದಿ ಕಾಗದದ ಮೇಲೆ ನಡುಗಿತು. ಕೈ ಝಾಡಿಸಿ ಮತ್ತೆ ಹಿಡಿದ. ಮತ್ತೆ ನಡುಗಿತು. ಅದರ ಮರುದಿನವೂ ಹಾಗೇ. ಚಹಾದ ಬಸಿ ಹಿಡಿದರೆ ನಡುಗುತ್ತಿರಲಿಲ್ಲ, ಸೈಕಲ್ಲಿನ ಹ್ಯಾಂಡಲ್ಲಿಗೂ ನಡುಗುತ್ತಿರಲಿಲ್ಲ. ಕುಂಚ ಹಿಡಿದರೆ ಮಾತ್ರ. ಪ್ರೆಸ್ಸಿಗೆ ಹೋಗುತ್ತಿದ್ದ, ಒಂದು ಕುರ್ಚಿಯ ಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತು ಬರುತ್ತಿದ್ದ. ಲಗ್ನಪತ್ರಿಕೆಯ ಗಣಪತಿಯನ್ನು ಹಳೆಯ ಅಚ್ಚಿನ ಬ್ಲಾಕಿನಿಂದಲೇ ಹೊಡೆಯಿರಿ ಎನ್ನುತ್ತಿದ್ದ.

ರಾತ್ರಿ ಅವನಿಗೆ ನಿದ್ದೆ ಇಲ್ಲ, ನನಗೂ ಇಲ್ಲ. ಕಣ್ಣು ಮುಚ್ಚಿದೊಡನೆ ಪಟ್ಟಾ ಪಟ್ ಎನ್ನುತ್ತಿತ್ತು. ಬೆಳಿಗ್ಗೆ ಚಿಗವ್ವ ನಮ್ಮಿಬ್ಬರ ಮುಖ ನೋಡಿ, “ಎರಡು ಗೂಬಿ ಸಾಕೀನಿ ನಾ,” ಎನ್ನುತ್ತಿದ್ದಳು. ಪ್ರೆಸ್ಸಿನ ಬೆಕ್ಕಿನ ಸುದ್ದಿಯೇ ಇರಲಿಲ್ಲ. ಅದಕ್ಕೆ ಎಲ್ಲಾದರೂ ತಾಗಿದೆಯೇ, ಸತ್ತಿದೆಯೇ, ಯಾರಿಗೂ ಗೊತ್ತಿಲ್ಲ. ಕಾಕಾ ಅದರ ಹೆಸರೆತ್ತುತ್ತಿರಲಿಲ್ಲ, ಆದರೆ ದಿನಾ ಹೊರಡುವಾಗ ಹಾಲಿನ ಸಣ್ಣ ಬಾಟಲಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ತಿರುಗಿ ತಂದ ಹಾಲನ್ನು ಚಿಗವ್ವ ಹೆಪ್ಪು ಹಾಕುತ್ತಿದ್ದಳು.

ಸಾವಕಾರರು ಸುದ್ದಿ ಕೇಳಿ ಲಕ್ಷ್ಮೇಶ್ವರದಿಂದ ಬಂದರು. ಕಾಕಾನ ಕೈಯನ್ನು ತಿರುಗಿಸಿ ನೋಡಿ, ಸೋಮೇಶ್ವರ ದೊಡ್ಡಾಂವ ಎಂದು ಕಣ್ಣಿಗೊತ್ತಿಕೊಂಡರು.

“ಜೋಕರ ಇಲ್ಲದನೂ ನಡಿತೈತ್ರಿ ಮಾಸ್ತರ. ಆಡೂ ಮಂದಿ ಒಂದ ಬಿಳಿ ಎಲಿ ಇಟ್ಕೊಂಡು ಜೋಕರ ಅಂತಾರ. ಹಂಗ ಕೊಟ್ಟಬಿಡ್ರಿ.”

ಅವರದು ಒಳ್ಳೆಯ ಮನಸ್ಸಿನ ಮಾತು. ಕಾಕಾ ತಕ್ಷಣ, “ಆತ್ರಿ, ಹಂಗ ಮಾಡೂಣು,” ಎಂದುಬಿಟ್ಟ. ಅಷ್ಟು ಜಲ್ದಿ ಒಪ್ಪಿದ್ದನ್ನು ಕೇಳಿ ನನಗೆ ಅಲಗು ಇಳಿದಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಬಾಲಕ್ಕಾಗಿ ಒಂದು ವಾರ ಒದ್ದಾಡಿದ ಮನುಷ್ಯ ಬಿಳಿ ಎಲೆಗೆ ಒಪ್ಪಿದ್ದ. ಈ ಬಿಳಿ ಎಲೆ ಹೋದರೆ ಮುಂದಿನದೂ ಬಿಳಿಯೇ, ಅದರ ಮುಂದಿನದೂ ಬಿಳಿಯೇ. ಅವನು ಇನ್ನು ಕುಂಚ ಹಿಡಿಯುವುದಿಲ್ಲ ಎಂದು ನನಗೆ ಖಚಿತವಾಯಿತು.

ಚಹಾ ತಂದ ಚಿಗವ್ವನಿಗೂ ಅದೇ ಅನಿಸಿರಬೇಕು. ಲೋಟವನ್ನು ಸಾವಕಾರರ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟಳು.

“ಹಂಗ ಕೊಡಾಕ ಬರೂದಿಲ್ರಿ ಸಾವಕಾರ್ರ. ಲಗ್ನಕ್ಕ ಎಲ್ಲಾರ್ನೂ ಕರದು ಒಬ್ಬರ್ನ ಬಿಟ್ಟಂಗ ಆಕ್ಕೈತಿ. ನಾಕ ದಿನಾ ತಡೀರಿ.”

“ತಾಯಿ, ಪಂಚಮಿ ಬಂತಲ್ರಿ...”

“ಬರ್ಲಿ. ಪಂಚಮಿ ಏನ ನಿಮ್ಮ ಬಸ್ಸೇನ್ರಿ, ಬಿಟ್ಟ ಹೋಗಾಕ?”

ಸಾವಕಾರರು ತಡೆದುಕೊಂಡರು. ಚಿಗವ್ವನ ಚಹಾ ಕುಡಿಯುತ್ತ ಆಕೆಗೆ ಎದುರಾಡಿದವರನ್ನು ನಾನು ಕಂಡಿಲ್ಲ.

ಬೆಕ್ಕು ಬಂದದ್ದು ಅದರ ಎರಡು ದಿನಕ್ಕೆ, ಪ್ರೆಸ್ಸಿಗಲ್ಲ, ಮನೆಗೆ. ಬೆಳಗಿನ ಉಪಾಹಾರದ ಹೊತ್ತು. ಹಿತ್ತಲ ಬಾಗಿಲಲ್ಲಿ ಕಟಿಂಗ್ ಅಣ್ಣ ನಿಂತಿದ್ದ. ಅವನ ಎರಡೂ ಕೈ ತುಂಬ ಪರಚಿದ ಗೆರೆಗಳು, ಬಗಲಲ್ಲಿ ಗೋಣಿಚೀಲ, ಚೀಲದೊಳಗಿನಿಂದ ಬೈಗುಳ. ಅಷ್ಟು ದಿನವೂ ಅವನು ಕೆಲಸ ಬಿಟ್ಟ ಮೇಲೆ ಬೆಟಗೇರಿಯ ಓಣಿ ಓಣಿ ಹುಡುಕಿದ್ದನಂತೆ. ಕೊನೆಗೆ ಸಿಕ್ಕಿದ್ದು ಒಂದು ಹಿಟ್ಟಿನ ಗಿರಣಿಯ ಹಿಂದೆ.

“ನೋಡ್ರಿ ಮಾಸ್ತರ, ಜೀವಂತ ಐತಿ. ನನ್ನ ಕೊಲ್ಲಾಕ ಹತ್ತೈತಿ,” ಎಂದು ಅವನು ಚೀಲ ಬಿಚ್ಚಿದ.

ಬೆಕ್ಕು ಹೊರಗೆ ಬಂತು. ಮೈಗೆ ಏನೂ ಆಗಿರಲಿಲ್ಲ. ಆದರೆ ಎಡಗಡೆಯ ಮೀಸೆ ಪೂರ್ತಿ ಹೋಗಿತ್ತು, ನುಣ್ಣಗೆ, ಕ್ಷೌರಿಕ ತೆಗೆದ ಹಾಗೆ. ಬಲಗಡೆಯದು ಹಾಗೇ ಇತ್ತು. ಮೈಯ ಕೂದಲೆಲ್ಲ ನೆಟ್ಟಗೆ ನಿಂತು, ಹಿಟ್ಟು ಮೆತ್ತಿಕೊಂಡು, ಬಾಲ ಬಾಟಲಿ ತೊಳೆಯುವ ಬ್ರಶ್ಶಿನ ಹಾಗಾಗಿತ್ತು. ಬೆನ್ನು ಬಿಲ್ಲು ಮಾಡಿ ನಮ್ಮೆಲ್ಲರ ಮೇಲೂ ಬುಸ್ ಎಂದಿತು.

ಕಾಕಾನ ಬಾಯಿಂದ ಮೊದಲು ಒಂದು ಸಣ್ಣ ಸದ್ದು ಬಂತು. ಆಮೇಲೆ ಅವನು ನಗತೊಡಗಿದ. ಗೋಡೆ ಹಿಡಿದು, ಹೊಟ್ಟೆ ಹಿಡಿದು, ಕಣ್ಣೀರು ಬರುವವರೆಗೆ ನಕ್ಕ. “ಅರ್ಧಾ ಮೀಸಿ! ನನ್ನ ಅಂಗಿ ತೋಳು ಹೋತು, ಇದರದು ಅರ್ಧಾ ಮೀಸಿ ಹೋತು. ಇಬ್ಬರೂ ಸಮ ಸಮ!” ಎಂದವನೇ, “ಲೇ, ಕಾಗದಾ ತಾರಲೇ, ಜಲ್ದಿ!” ಎಂದು ನನ್ನ ಕಡೆ ಕೈ ಚಾಚಿದ.

ನಾನು ಕುಂಚ ಕೊಟ್ಟೆ. ಚಿಗವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಕೈ ನಡುಗುತ್ತಲೇ ಇತ್ತು; ಮೊದಲ ಗೆರೆಯೇ ಅಲ್ಲಾಡಿತು. ಅವನು ಒಂದು ಕ್ಷಣ ಗೆರೆಯನ್ನೂ ಬೆಕ್ಕನ್ನೂ ನೋಡಿದ. ಬೆಕ್ಕಿನ ನಿಂತ ಕೂದಲು ಆ ಅಲ್ಲಾಡಿದ ಗೆರೆಯ ಹಾಗೆಯೇ ಇತ್ತು. ಅವನು ಕೈಯನ್ನು ತಡೆಯಲಿಲ್ಲ. ನಡುಗುವ ಕುಂಚದಿಂದಲೇ ಬೆನ್ನು, ಬಾಲ, ಕಿವಿಯ ಸುತ್ತಲಿನ ಕೂದಲನ್ನೆಲ್ಲ ಬರೆದ. ಹೆದರಿ ನಿಮಿರಿದ ಬೆಕ್ಕು ಕಾಗದದ ಮೇಲೆ ಉಸಿರಾಡತೊಡಗಿತು. ಹನ್ನೆರಡು ರಾಜರಾಣಿ ಗುಲಾಮರಲ್ಲಿ ಒಬ್ಬರಿಗೂ ಅಷ್ಟು ಜೀವ ಇರಲಿಲ್ಲ. ತಲೆಯ ಮೇಲೆ ಪಟಗಾ, ಅದು ಅರ್ಧ ಬಿಚ್ಚಿಹೋಗಿ ಗಾಳಿಯಲ್ಲಿ ಹಾರುತ್ತಿದೆ. ಕಾಲು ನೆಲದಿಂದ ಮೇಲೆ.

ಕೊನೆಗೆ ಮೀಸೆ. ಬಲಗಡೆಯದಷ್ಟೇ. ಅವನು ಉಸಿರು ಹಿಡಿದ, ನಾವೂ ಹಿಡಿದೆವು, ಕಟಿಂಗ್ ಅಣ್ಣ ಕಣ್ಣು ಮುಚ್ಚಿಕೊಂಡ. ಮೊದಲನೆಯ ಎಳೆ ಸ್ವಲ್ಪ ಕೊಂಕಿತು. ಎರಡನೆಯದು ಕಡಿಮೆ ಕೊಂಕಿತು. ಕೊನೆಯದು ಒಂದೇ ಎಳೆತಕ್ಕೆ, ಹಿಂದಿನ ಹಾಗೆ, ಸುಯ್ ಎಂದು ಹೋಯಿತು.

“ಹಾಂ,” ಎಂದ ಕಾಕಾ, ಅಷ್ಟೇ.

“ರೊಟ್ಟಿ ಸೀದು ಹೋತು,” ಎಂದಳು ಚಿಗವ್ವ. ಆಕೆಯ ಮುಖ ಅರಳಿತ್ತು.

ಹುಬ್ಬಳ್ಳಿಯಿಂದ ಬ್ಲಾಕು ಆಗಿ ಬಂತು, ಜೋಕರ್ ಅಚ್ಚಾಯಿತು. ಹಾಳಾದ ಬದಾಮದ ರಾಣಿಯರೂ ಮತ್ತೆ ಅಚ್ಚಾದರು. ಅಂದಿನಿಂದ ಕರೆಂಟು ಹೋದರೆ ಕಟಿಂಗ್ ಅಣ್ಣ ಮೊದಲು ಖಟಕಾ ಆರಿಸುತ್ತಿದ್ದ, ಆಮೇಲೆ ಪಟ್ಟಾ ಕಳಚುತ್ತಿದ್ದ, ಆಮೇಲೆ ಮಶೀನಿನ ಕೆಳಗೆ ಬಗ್ಗಿ “ಬೆಕ್ಕ ಇಲ್ಲ” ಎಂದು ಜೋರಾಗಿ ಹೇಳುತ್ತಿದ್ದ. ಅಷ್ಟಾದ ಮೇಲೆಯೇ ಚಹಾ. ಕರೆಂಟು ಬಂದದ್ದು ತಿಳಿಯಲು ಚಹಾ ಅಂಗಡಿಯವರು ತಮ್ಮ ರೇಡಿಯೋವನ್ನು ಪೂರ್ತಿ ಗಂಟಲಿಗೆ ತಿರುಗಿಸಿ ಇಡತೊಡಗಿದರು. ಹೋಗಿದ್ದ ಕರೆಂಟು ಬಂದಾಗ ರಸ್ತೆಯ ಮಂದಿಯೆಲ್ಲ ಬೆಚ್ಚಿಬೀಳುವ ಹಾಗೆ ಬಿತ್ತನೆಯ ಸಲಹೆಯೋ ಭಕ್ತಿಗೀತೆಯೋ ಒದರುತ್ತಿತ್ತು. ಅದಕ್ಕೆ ಬೆಚ್ಚುವುದು ನನಗೆ ಇಷ್ಟವಾಗುತ್ತಿತ್ತು.

ಪಂಚಮಿಯ ದಿನ ಸಾವಕಾರರು ಲಕ್ಷ್ಮೇಶ್ವರದಲ್ಲಿ ಎಲೆ ಹಂಚಿದರು. ಗೋದಾಮಿನ ಬೂದು ಬೆಕ್ಕಿಗೆ ಅದರದೇ ಚಿತ್ರ ತೋರಿಸಿದಾಗ ಅದು ಎಲೆಯ ಮೂಲೆ ಕಚ್ಚಿ ನೋಡಿತಂತೆ. ನಮ್ಮ ಮನೆಯಲ್ಲಿ ಮಧ್ಯಾಹ್ನ ಜೋಕಾಲಿ ಆಡಿ ಬಂದ ಮೇಲೆ ಕಂಬಳಿ ಹಾಸಿ ಆಟಕ್ಕೆ ಕೂತೆವು. ಶಿರಹಟ್ಟಿಯ ಮಾವನೂ ಬಂದಿದ್ದ. ಚೌಕಟದ ರಾಜ ಅವನ ಕೈಗೆ ಬಂದಾಗಲೆಲ್ಲ ಚಿಗವ್ವ ಸೆರಗು ಬಾಯಿಗೆ ಒತ್ತಿ ನಗುವುದು ಯಾಕೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ನನಗೆ ಒಮ್ಮೆಯೂ ಜೋಕರ್ ಬರಲಿಲ್ಲ. ಕಾಕಾನಿಗೆ ಬಂತು, ಕೊನೆಯ ಆಟದಲ್ಲಿ. ಅವನು ಅದನ್ನು ಬಲಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಎಲೆ ಅಲ್ಲಾಡುತ್ತಿರಲಿಲ್ಲ. ಅದನ್ನು ಸೇರಿಸಿ ಆಟ ಗೆದ್ದು, ಎಲ್ಲರ ಪಾಲಿನ ಶೇಂಗಾ ಉಂಡಿಯನ್ನು ತನ್ನ ಕಡೆ ಎಳೆದುಕೊಂಡ.

“ಮೋಸಾ!” ಎಂದ ಮಾವ. “ತಾನ ಬರದ ಎಲಿ, ಗುರುತ ಇಟ್ಟಿರತಾನ.”

“ಹೌದಲೇ, ಅರ್ಧಾ ಮೀಸಿ ಗುರುತ ಇಟ್ಟೀನಿ,” ಎಂದ ಕಾಕಾ.

ಮರುದಿನ ನನ್ನನ್ನು ಎಬ್ಬಿಸಿದ್ದು ಬಿಸಿಲು. ಮುಖದ ಮೇಲೆ ಬಿಸಿಲು ಬೀಳುವವರೆಗೆ ನಾನು ಮಲಗಿದ್ದೆ, ನಡುವೆ ಒಮ್ಮೆಯೂ ಎದ್ದಿರಲಿಲ್ಲ, ಪಟ್ಟಾ ಒಮ್ಮೆಯೂ ಸದ್ದು ಮಾಡಿರಲಿಲ್ಲ. ಆಚೆ ಕೋಣೆಯಲ್ಲಿ ಕಾಕಾನ ಗೊರಕೆ ಇನ್ನೂ ನಡೆದಿತ್ತು. ಅಡುಗೆಮನೆಯಲ್ಲಿ ಚಿಗವ್ವ ಖಾಲಿ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲೂ ಇನ್ನೂ ನಿದ್ದೆ.

“ಗೌಳಿಗ್ಯಾ ಬಾಗಲಾ ಬಡದು ಬಡದು ಹೊಳ್ಳಿ ಹೋಗ್ಯಾನಂತ. ಬಾಜೂ ಮನಿಯಾಕಿ ಹೇಳಿದ್ಲು. ಒಬ್ಬರಿಗೂ ಎಚ್ಚರ ಆಗಿಲ್ಲ ನೋಡು.”

ಅಂದು ಎಲ್ಲರೂ ಹಾಲಿಲ್ಲದ ಕರಿ ಚಹಾ ಕುಡಿದೆವು. ಯಾರಿಗೂ ಬೇಸರವಿರಲಿಲ್ಲ. ಚೀಲದಲ್ಲಿ ಬಂದ ದಿನದಿಂದ ನಮ್ಮ ಮನೆಯಲ್ಲೇ ಉಳಿದಿದ್ದ ಅರ್ಧ ಮೀಸೆಯ ಬೆಕ್ಕು ಮಾತ್ರ ಖಾಲಿ ಬಟ್ಟಲಿನ ಮುಂದೆ ಕೂತು, ಕಾಕಾ ಎದ್ದು ಬರುವವರೆಗೂ ನಮ್ಮೆಲ್ಲರನ್ನೂ ಬೈಯುತ್ತಲೇ ಇತ್ತು.